ಹಗ್ಗದವಳು ವಿದ್ಯೆಯ ಬೆಲೆ ವಿಚಾರಿಸಿದ್ದು

"ಗುರುಗಳೇ, ಹೆಚ್ಚು ಗಳಿಕೆ ತಾರದ ವಿದ್ಯೆಗೆ ಸಾಲ ಮಾಡಬಹುದೇ?" ಎಂದು ಮುದ್ದಯ್ಯ ಕೇಳಿದ.

ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದು ಹೋಗಿದ್ದರು. ಮುದ್ದಯ್ಯನ ಕೈಯಲ್ಲಿ ಮನೆಯಿಂದ ಬಂದ ಕಾಗದವಿತ್ತು. ಅವನ ತಂಗಿಗೆ ಕಾವ್ಯ, ಚರಿತ್ರೆ ಓದುವ ಆಸೆ. ಅದಕ್ಕೆ ಹಿಡಿಯುವಷ್ಟು ಹಣ ತಂದೆಯ ಬಳಿ ಇರಲಿಲ್ಲ. ಮನೆಯನ್ನು ಒತ್ತೆ ಇಡಲೋ ಬೇಡವೋ, ನೀನು ಓದಿದವನು, ನೀನೇ ಹೇಳು ಎಂದು ತಂದೆ ಬರೆದಿದ್ದ.

ಗುರುಗಳು "ಕುಳಿತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹಗ್ಗ ಹೊಸೆಯುವ ಹೆಂಗಸೊಬ್ಬಳಿದ್ದಳು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಪುಂಡಿಯ ನಾರು ತಂದು, ಹದ ಮಾಡಿ, ಬಾವಿಯ ಹಗ್ಗ, ದನ ಕಟ್ಟುವ ಹಗ್ಗ, ಗಾಡಿಯ ಹೇರು ಬಿಗಿಯುವ ಹಗ್ಗ ಹೊಸೆದು ಮಾರುತ್ತಿದ್ದಳು. ಮನೆಯ ಹಿಂದೆ ಉದ್ದನೆಯ ಅಂಗಳವಿತ್ತು. ಆ ಅಂಗಳವೇ ಅವಳ ಆಸ್ತಿ. ನೂರು ಮೊಳದ ಹಗ್ಗ ಹೊಸೆಯಲು ನೂರು ಮೊಳದ ಜಾಗ ಬೇಕು. ಅದು ಹೋದರೆ ಕಸುಬೇ ಹೋದಂತೆ.

ಅವಳು ಯಾರನ್ನೂ ಸುಲಭವಾಗಿ ನಂಬುತ್ತಿರಲಿಲ್ಲ. ನಾರು ತಂದವನು ಮೇಲಿನ ಕಟ್ಟು ತೋರಿಸಿದರೆ ಕೆಳಗಿನ ಕಟ್ಟು ಬಿಚ್ಚಿಸುತ್ತಿದ್ದಳು. ಬೆಲೆ ಇಳಿಸಿ ಕೊಡುತ್ತೇನೆಂದು ಬಂದವನಿಗೆ ಮೊದಲು ಕಾರಣ ಕೇಳುತ್ತಿದ್ದಳು. ಊರಿನವರು ಹಿಂದೆ ಆಡಿಕೊಂಡು ನಗುತ್ತಿದ್ದರು. ಆದರೆ ಬಾವಿಗೆ ಇಳಿಯುವವರು ಮಾತ್ರ ಅವಳ ಹಗ್ಗವನ್ನೇ ಕೊಳ್ಳುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು. ಹಗ್ಗದ ಒಂದು ತುದಿ ತಾಯಿ ಹಿಡಿದರೆ ಇನ್ನೊಂದು ತುದಿ ಮಗಳು ಹಿಡಿಯುತ್ತಿದ್ದಳು. ಇಬ್ಬರೂ ಸೇರಿ ದುಡಿದರೆ ವರ್ಷಕ್ಕೆ ನಲವತ್ತೆಂಟು ಹೊನ್ನು ಕೈಗೆ ಬರುತ್ತಿತ್ತು. ಮಗಳು ಅಕ್ಷರ ಕಲಿತಿದ್ದಳು. ಯಾರ ಮನೆಯಲ್ಲಿ ಓಲೆಗರಿ ಕಂಡರೂ ಓದದೆ ಬಿಡುತ್ತಿರಲಿಲ್ಲ. ಒಮ್ಮೆ ಆ ಊರಿಗೆ ಒಬ್ಬ ಪುರಾಣಿಕ ಬಂದ. ಮೂರು ದಿನ ಕತೆ ಓದಿ ಅರ್ಥ ಹೇಳಿದ. ಮೂರನೆಯ ದಿನ ಮಗಳು ಎದ್ದು ನಿಂತು, "ಸ್ವಾಮಿ, ಈ ಭಾಗದ ಮಾತು ಬೇರೆ ಥರ ಇದೆ. ಇದನ್ನು ಬರೆದವರೂ ಬೇರೆಯವರಿರಬೇಕು" ಎಂದಳು. ಪುರಾಣಿಕ ಮೊದಲು ಗದರಿದ. ಎಲ್ಲರೂ ಎದ್ದು ಹೋದ ಮೇಲೆ ಅವಳನ್ನು ಕರೆದು, ಆ ಭಾಗವನ್ನು ತನ್ನ ಗುರುಗಳ ಗುರುಗಳು ಸೇರಿಸಿದರೆಂದು ಒಪ್ಪಿಕೊಂಡ. ಪಟ್ಟಣದ ವಿದ್ಯಾಶಾಲೆಯಲ್ಲಿ ಇಂಥದ್ದನ್ನೇ ಕಲಿಸುತ್ತಾರೆ ಎಂದೂ ಹೇಳಿದ. ಅಂದಿನಿಂದ ಮಗಳ ಬಾಯಲ್ಲಿ ವಿದ್ಯಾಶಾಲೆಯ ಮಾತೇ.

ತಾಯಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮಗಳೇ ಪಟ್ಟಣಕ್ಕೆ ಓಲೆ ಕಳಿಸಿದಳು. ತಿಂಗಳು ತುಂಬುವಷ್ಟರಲ್ಲಿ ವಿದ್ಯಾಶಾಲೆಯ ಗುಮಾಸ್ತ ಮನೆಗೆ ಬಂದ. ಅವನ ಜೊತೆ ಒಬ್ಬ ಸಾಹುಕಾರನೂ ಬಂದ. ಇಬ್ಬರೂ ಒಂದೇ ಗಾಡಿಯಿಂದ ಇಳಿದದ್ದನ್ನು ಹಗ್ಗದವಳು ನೋಡಿದಳು.

ಗುಮಾಸ್ತ ಹೇಳಿದ್ದು ಇಷ್ಟು. ಕಾವ್ಯ, ಚರಿತ್ರೆ, ತರ್ಕ ಕಲಿಯಲು ನಾಲ್ಕು ವರ್ಷ ಬೇಕು. ಶುಲ್ಕ ಇನ್ನೂರು ಹೊನ್ನು. ಕೈಯಲ್ಲಿ ಇಲ್ಲದಿದ್ದರೆ ಈ ಸಾಹುಕಾರರು ಕೊಡುತ್ತಾರೆ. ಅಂಗಳವನ್ನು ಒತ್ತೆ ಬರೆದುಕೊಟ್ಟರೆ ಸಾಕು. ಆಮೇಲೆ ಅವನು ಒಂದು ಓಲೆ ಬಿಚ್ಚಿ, "ನಮ್ಮಲ್ಲಿ ಓದಿದವರು ವರ್ಷಕ್ಕೆ ಸರಾಸರಿ ಅರವತ್ತು ಹೊನ್ನು ಗಳಿಸುತ್ತಾರೆ ತಾಯಿ. ಸಾಲ ತೀರಿಸುವುದು ಎಷ್ಟು ಹೊತ್ತಿನ ಮಾತು?" ಎಂದ.

"ಲೆಕ್ಕ ಮಾಡಿದವರು ಯಾರು?" ಎಂದು ಹಗ್ಗದವಳು ಕೇಳಿದಳು.

"ನಾವೇ."

"ಓದಿದವರನ್ನೆಲ್ಲ ಕೇಳಿದಿರೋ?"

"ಉತ್ತರ ಕಳಿಸಿದವರನ್ನೆಲ್ಲ ಕೇಳಿದೆವು."

ಹಗ್ಗದವಳು ಓಲೆಯನ್ನೂ ಸಾಹುಕಾರ ತಂದಿದ್ದ ಸಾಲಪತ್ರವನ್ನೂ ತನ್ನ ಬಳಿ ಬಿಟ್ಟು ಹೋಗಬೇಕು, ಒಂದು ತಿಂಗಳು ಸಮಯ ಬೇಕು ಎಂದಳು. ಸಾಹುಕಾರ ನಗುತ್ತ, "ನಮ್ಮ ಮೇಲೆ ನಂಬಿಕೆ ಇಲ್ಲವೇ ತಾಯಿ?" ಎಂದ. "ಇಲ್ಲ" ಎಂದಳು.

ಮರುದಿನ ಅವಳು ಹಗ್ಗದ ಹೊರೆ ಹೊತ್ತು ಪಟ್ಟಣಕ್ಕೆ ಹೊರಟಳು. ಮಗಳೂ ಬರುತ್ತೇನೆಂದಳು. ತಾಯಿ ಬೇಡವೆಂದಳು. ಆಸೆಪಟ್ಟವರು ಜೊತೆಗಿದ್ದರೆ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ ಎಂಬುದು ಅವಳ ಎಣಿಕೆ.

ಓಲೆಯಲ್ಲಿ ಮೂವರ ಹೆಸರನ್ನು ಎದ್ದು ಕಾಣುವಂತೆ ಬರೆದಿದ್ದರು. ಅವಳು ಮೊದಲು ಆ ಮೂವರನ್ನು ಹುಡುಕಿದಳು. ಒಬ್ಬ ಅರಮನೆಯಲ್ಲಿ ಬರಹಗಾರ. ವರ್ಷಕ್ಕೆ ನೂರು ಹೊನ್ನು ಸಂಬಳ. ಅವನ ತಂದೆಯೂ ಅದೇ ಅರಮನೆಯ ಬರಹಗಾರ, ಅಜ್ಜನೂ ಅಷ್ಟೇ. ಇನ್ನೊಬ್ಬ ವ್ಯಾಪಾರಿಯ ಮಗ. ಕಾವ್ಯ ಓದಿ ಬಂದು ಅಪ್ಪನ ಅಂಗಡಿಯಲ್ಲೇ ಕುಳಿತಿದ್ದ. ಅಂಗಡಿಯ ಲಾಭವನ್ನೇ ಅವನ ಗಳಿಕೆಯೆಂದು ಬರೆದಿದ್ದರು. ಮೂರನೆಯವನು ವಿದ್ಯಾಶಾಲೆಯಲ್ಲೇ ಓಲೆ ಜೋಡಿಸುವ ಕೆಲಸದಲ್ಲಿದ್ದ. ಓದು ಮುಗಿಸಿ ಕೆಲಸ ಸಿಗದವರನ್ನು ಆರು ತಿಂಗಳ ಮಟ್ಟಿಗೆ ಅಲ್ಲೇ ಇರಿಸಿಕೊಳ್ಳುತ್ತಾರಂತೆ. ಲೆಕ್ಕ ತೆಗೆಯುವುದೂ ಅದೇ ಆರು ತಿಂಗಳಲ್ಲಿ. ಮಾತಿನ ನಡುವೆ ಅವನು ಇನ್ನೊಂದು ಸಂಗತಿ ಹೇಳಿದ. ಆ ಅರವತ್ತು ಹೊನ್ನಿನ ಸರಾಸರಿಯಲ್ಲಿ ವೈದ್ಯ ಕಲಿತವರೂ ಶಿಲ್ಪ ಕಲಿತವರೂ ಸೇರಿದ್ದರು.

ಹಗ್ಗದವಳಿಗೆ ಆಶ್ಚರ್ಯವಾಗಲಿಲ್ಲ. ಕೆಳಗಿನ ಕಟ್ಟು ಹೀಗೆಯೇ ಇರುತ್ತದೆಂದು ಅವಳಿಗೆ ಮೊದಲೇ ಅನಿಸಿತ್ತು. ಓಲೆಯಲ್ಲಿ ಹೆಸರಿಲ್ಲದವರು ಎಲ್ಲಿದ್ದಾರೆ ಎಂದು ವಿಚಾರಿಸಿದಳು. ಧಾನ್ಯದ ಪೇಟೆಗೆ ಹೋಗಿ ನೋಡಿ ಎಂದರು.

ಪೇಟೆಯಲ್ಲಿ ಒಬ್ಬ ಗಾಡಿಗೆ ಮೂಟೆ ಹೇರುತ್ತಿದ್ದ. ಏಳು ವರ್ಷದ ಹಿಂದೆ ಕಾವ್ಯದ ಓದು ಮುಗಿಸಿದವನು. ಇನ್ನೂರು ಹೊನ್ನು ಸಾಲ ಮಾಡಿದ್ದ. ಏಳು ವರ್ಷ ಕಟ್ಟಿದ ಮೇಲೂ ನೂರ ಎಂಬತ್ತು ಉಳಿದಿತ್ತು. ಕೊಟ್ಟದ್ದೆಲ್ಲ ಬಡ್ಡಿಗೆ ಹೋಗಿತ್ತು. ತನಗೆ ಮೋಸವಾಯಿತು ಎಂದು ಅವನು ಬಾಯಿಬಿಟ್ಟು ಹೇಳಿದ. ಹಗ್ಗದವಳು ಅವನಿಗೆ ಕುಡಿಯಲು ಮಜ್ಜಿಗೆ ಕೊಡಿಸಿ ಕೇಳಿದಳು.

"ಇದೆಲ್ಲ ಮೊದಲೇ ಗೊತ್ತಿದ್ದರೆ ನೀನು ಓದಲು ಹೋಗುತ್ತಿರಲಿಲ್ಲ, ಅಲ್ಲವೇನಪ್ಪ?"

ಅವನು ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿದ. ಕೊನೆಗೆ, "ಹೋಗುತ್ತಿದ್ದೆ ಅವ್ವಾ" ಎಂದ. "ಆದರೆ ಈ ಮಾತು ವಿದ್ಯಾಶಾಲೆಯವರ ಕಿವಿಗೆ ಹಾಕಬೇಡಿ. ಶುಲ್ಕ ಏರಿಸಿಬಿಡುತ್ತಾರೆ."

ಅವನ ಕಷ್ಟದ ಮಾತನ್ನು ಹಗ್ಗದವಳು ಚೆನ್ನಾಗಿ ನೆನಪಿಟ್ಟುಕೊಂಡಳು. ಈ ಕೊನೆಯ ಮಾತನ್ನು ಅಷ್ಟಾಗಿ ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಅಲ್ಲಿಂದ ನೇರವಾಗಿ ವಿದ್ಯಾಶಾಲೆಗೆ ಹೋದಳು.

ಅಲ್ಲಿಯ ಮುಖ್ಯ ಆಚಾರ್ಯರು ಅವಳನ್ನು ಆದರದಿಂದ ಕೂರಿಸಿದರು. ಅವಳು ಓಲೆಯನ್ನು ಅವರ ಮುಂದಿಟ್ಟು ಹೇಳಿದಳು. "ನನಗೆ ಸಾಹುಕಾರರು ಬೇಡ ಸ್ವಾಮಿ. ನನ್ನ ಮಗಳಿಗೆ ಕಲಿಸಿ. ಅವಳು ಓದು ಮುಗಿಸಿ ಗಳಿಸಿದ್ದರಲ್ಲಿ ಎಂಟು ವರ್ಷ ಅರ್ಧ ನಿಮಗೆ ಕೊಡುತ್ತಾಳೆ. ನಿಮ್ಮ ಓಲೆ ನಿಜವಾದರೆ ಇನ್ನೂರರ ಬದಲು ಇನ್ನೂರ ನಲವತ್ತು ಹೊನ್ನು ನಿಮಗೆ ಬರುತ್ತದೆ."

ಆಚಾರ್ಯರು ಓಲೆಯನ್ನು ನೋಡಿದರು, ಅವಳನ್ನು ನೋಡಿದರು. "ವಿದ್ಯೆಯನ್ನು ಹೀಗೆಲ್ಲ ತೂಗಬಾರದು ತಾಯಿ" ಎಂದರು.

"ತಕ್ಕಡಿ ನಮ್ಮ ಮನೆಗೆ ತಂದವರು ನಿಮ್ಮ ಗುಮಾಸ್ತರು" ಎಂದಳು ಹಗ್ಗದವಳು.

ಆಚಾರ್ಯರು ಬೇರೆ ಕೆಲಸವಿದೆ ಎಂದು ಎದ್ದರು. ಅವಳೂ ಎದ್ದಳು. ಅವಳಿಗೆ ಬೇಕಾದ ಉತ್ತರ ಸಿಕ್ಕಿತ್ತು. ತಮ್ಮ ಲೆಕ್ಕದ ಮೇಲೆ ತಾವೇ ಹಣ ಹೂಡಲು ಒಪ್ಪದವರು ಬಡವರ ಅಂಗಳ ಹೂಡಿಸಲು ಬಂದಿದ್ದರು. ಅವಳು ಅಂದೇ ಊರಿನ ದಾರಿ ಹಿಡಿದಳು.

ಮೂರು ಹರದಾರಿ ನಡೆದ ಮೇಲೆ ಅವಳಿಗೆ ಒಂದು ಸಂಗತಿ ಗಮನಕ್ಕೆ ಬಂತು. ತಾನು ಬಹಳ ಬೇಗ ನಡೆಯುತ್ತಿದ್ದೇನೆ. ಕಾಲು ನೋಯುತ್ತಿಲ್ಲ. ಮನಸ್ಸು ಹಗುರವಾಗಿದೆ. ಮಗಳ ಆಸೆ ಮುರಿಯುವ ಸುದ್ದಿ ಹೊತ್ತು ಹೋಗುತ್ತಿರುವ ತಾಯಿಗೆ ಇದೇಕೆ ಇಷ್ಟು ಹಗುರ?

ಅವಳು ನಿಂತಳು. ದಾರಿಯ ಬದಿಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತಳು. ಇದುವರೆಗೆ ಅವಳು ಗುಮಾಸ್ತನನ್ನು ಅನುಮಾನಿಸಿದ್ದಳು, ಸಾಹುಕಾರನನ್ನು, ಓಲೆಯನ್ನು, ಆಚಾರ್ಯರನ್ನು ಅನುಮಾನಿಸಿದ್ದಳು. ಈಗ ಆ ಅನುಮಾನ ಅವಳ ಕಡೆಗೇ ತಿರುಗಿತು. ಮಗಳು ಹೋದರೆ ಹಗ್ಗದ ಇನ್ನೊಂದು ತುದಿ ಹಿಡಿಯುವವರು ಯಾರು? ಕೂಲಿ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕು. ಸಂಜೆಯಾದರೆ ಮಾತಿಗೂ ಯಾರಿಲ್ಲ. ಮೂಟೆ ಹೊರುವವನು ಸಿಕ್ಕ ಕೂಡಲೇ ತಾನು ಹುಡುಕುವುದನ್ನು ನಿಲ್ಲಿಸಿದ್ದೇಕೆ? ಓಲೆ ಬರೆದವರು ತಮಗೆ ಬೇಕಾದ ಮೂವರನ್ನು ಆರಿಸಿಕೊಂಡರು. ತಾನು ತನಗೆ ಬೇಕಾದ ಒಬ್ಬನನ್ನು ಆರಿಸಿಕೊಂಡೆ. ಹೀಗೆ ಯೋಚಿಸಿದಾಗ ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು. ಎದ್ದು ಮತ್ತೆ ಪಟ್ಟಣದ ಕಡೆ ನಡೆದಳು. ಈಗ ಕಾಲು ನೋಯತೊಡಗಿತು.

ಆರು ದಿನ ಅವಳು ಪಟ್ಟಣ ಸುತ್ತಿದಳು. ಕಾವ್ಯದ ಓದು ಮುಗಿಸಿದವರು ಎಲ್ಲಿದ್ದರೂ ಹೋಗಿ ಕಂಡಳು. ಹೀಗೆ ಒಂಬತ್ತು ಜನ ಸಿಕ್ಕರು. ಇಬ್ಬರು ನಿಜವಾಗಿಯೂ ಚೆನ್ನಾಗಿದ್ದರು, ಅವರ ಅಪ್ಪಂದಿರು ಯಾರೂ ಅರಮನೆಯವರಲ್ಲ. ನಾಲ್ವರು ಹೇಗೋ ಬದುಕುತ್ತಿದ್ದರು. ಮೂವರಿಗೆ ಸಾಲವೇ ಬದುಕಾಗಿತ್ತು. ಎಲ್ಲರ ಗಳಿಕೆ ಸೇರಿಸಿ ಒಂಬತ್ತರಿಂದ ಭಾಗಿಸಿದರೆ ಒಬ್ಬರಿಗೆ ಇಪ್ಪತ್ತೆಂಟು ಹೊನ್ನು ಬಂತು. ಹಗ್ಗದಿಂದ ಒಬ್ಬರಿಗೆ ಬರುತ್ತಿದ್ದದ್ದು ಇಪ್ಪತ್ತನಾಲ್ಕು. ಆ ನಾಲ್ಕು ಹೊನ್ನನ್ನು ಏನೆಂದು ತಿಳಿಯಬೇಕೋ ಅವಳಿಗೆ ಗೊತ್ತಾಗಲಿಲ್ಲ.

ಒಂಬತ್ತನೆಯವಳು ನ್ಯಾಯಸ್ಥಾನದ ಬಾಗಿಲಲ್ಲಿ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಹಗ್ಗದವಳು ಸಾಲಪತ್ರ ತೆಗೆದು ಅವಳ ಕೈಗೆ ಕೊಟ್ಟಳು. ಅವಳು ಎರಡು ಸಲ ಓದಿದಳು. ಓದನ್ನು ನಡುವೆ ಬಿಟ್ಟರೂ ಸಾಲ ಪೂರ್ತಿ ತೀರಿಸಬೇಕು ಎಂದಿತ್ತು. ಬಡ್ಡಿ ಓದು ಮುಗಿದ ದಿನದಿಂದ ಅಲ್ಲ, ಶುರುವಾದ ದಿನದಿಂದ ಏರುತ್ತದೆ ಎಂದಿತ್ತು. ಎರಡು ಕಂತು ತಪ್ಪಿದರೆ ಅಂಗಳ ಸಾಹುಕಾರನದು. ಇದನ್ನು ಓದಿ ಹೇಳಿದ್ದಕ್ಕೆ ಅವಳು ಎರಡು ಕಾಸು ಕೇಳಿದಳು.

"ನನ್ನನ್ನು ಹೆದರಿಸಿ ಕಾಸು ಮಾಡಿಕೊಳ್ಳುತ್ತಿಲ್ಲ ತಾನೇ?" ಎಂದಳು ಹಗ್ಗದವಳು.

ಅರ್ಜಿ ಬರೆಯುವವಳಿಗೆ ಸಿಟ್ಟು ಬರಲಿಲ್ಲ. "ಇನ್ನಿಬ್ಬರ ಹತ್ತಿರ ಓದಿಸಿ ನೋಡಿ. ಆಮೇಲೆ ಬಂದು ಕೊಡಿ" ಎಂದಳು. ಹಗ್ಗದವಳು ಹಾಗೆಯೇ ಮಾಡಿದಳು. ಒಬ್ಬ ಅದನ್ನೇ ಹೇಳಿದ. ಇನ್ನೊಬ್ಬ ಸಾಹುಕಾರನ ನೆರೆಯವನು. ಅವನು ಬಡ್ಡಿಯ ಸಾಲು ಬಿಟ್ಟು ಓದಿದ. ಅವಳು ಹಿಂದಿರುಗಿ ಬಂದು ಎರಡು ಕಾಸು ಕೊಟ್ಟಳು.

ಊರಿಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಕಂಡದ್ದನ್ನೆಲ್ಲ ಹೇಳಿದಳು. ಮೂಟೆ ಹೊರುವವನ ಸಾಲ ಎಷ್ಟೆಂದು ಹೇಳಿದಳು, ಅವನ ಕೊನೆಯ ಮಾತನ್ನೂ ಹೇಳಿದಳು. ಚೆನ್ನಾಗಿದ್ದ ಇಬ್ಬರ ಹೆಸರು ಹೇಳಿದಳು. ಎಲ್ಲ ಮುಗಿದ ಮೇಲೆ, "ನೀನು ಹೋಗುವುದು ನನಗೆ ಬೇಡ. ಹಾಗಾಗಿ ನಾನು ಹೇಳಿದ್ದರಲ್ಲಿ ಎಲ್ಲಾದರೂ ಒಂದು ಎಳೆ ಹೆಚ್ಚು ಕಡಿಮೆ ಆಗಿರಬಹುದು. ಅದನ್ನೂ ಲೆಕ್ಕಕ್ಕೆ ತೆಗೆದುಕೋ" ಎಂದಳು.

ಮಗಳು ಎರಡು ದಿನ ಹಗ್ಗದ ತುದಿ ಹಿಡಿದು ಕೆಲಸ ಮಾಡಿದಳು, ಉಂಡಳು, ಮಲಗಿದಳು. ಮೂರನೆಯ ದಿನ ಹೇಳಿದಳು. "ಅವ್ವಾ, ನಾಲ್ಕು ವರ್ಷ ಬೇಡ. ಅಂಗಳವನ್ನು ಯಾರಿಗೂ ಬರೆದುಕೊಡಬೇಡ. ನನ್ನ ಹೆಸರಿನ ಮೇಲೆ ಎಷ್ಟು ಸಾಲ ಹುಟ್ಟುತ್ತದೋ ಅಷ್ಟೇ ದಿನ ಓದುತ್ತೇನೆ."

ಒತ್ತೆ ಇಲ್ಲದೆ ಸಾಹುಕಾರ ನೂರು ಹೊನ್ನು ಮಾತ್ರ ಕೊಟ್ಟ, ಬಡ್ಡಿಯನ್ನೂ ಏರಿಸಿದ. ಮಗಳು ಎರಡು ವರ್ಷ ಓದಿದಳು. ಪದವಿಯ ಪತ್ರ ಸಿಗಲಿಲ್ಲ. ಪತ್ರವಿಲ್ಲದವಳಿಗೆ ಅರಮನೆಯಲ್ಲಿ ಕೆಲಸವೂ ಸಿಗಲಿಲ್ಲ. ನ್ಯಾಯಸ್ಥಾನದ ಬಾಗಿಲಲ್ಲಿ ಅರ್ಜಿ ಬರೆಯುವವಳ ಪಕ್ಕದಲ್ಲಿ ತಾನೂ ಒಂದು ಚಾಪೆ ಹಾಸಿದಳು. ಒಂದು ವರ್ಷ ಇಪ್ಪತ್ತು ಹೊನ್ನು, ಒಂದು ವರ್ಷ ಇಪ್ಪತ್ತಾರು. ಅರ್ಧಕ್ಕಿಂತ ಹೆಚ್ಚು ಸಾಲಕ್ಕೇ ಹೋಗುತ್ತಿತ್ತು. ಐದನೆಯ ವರ್ಷ ಜ್ವರ ಹಿಡಿದು ಮಲಗಿದಳು. ಕಂತು ತಪ್ಪಿತು. ಸಾಹುಕಾರನ ಆಳು ಬಂದು ಆರು ದಿನ ಬಾಗಿಲಲ್ಲಿ ಕುಳಿತ. ತಾಯಿ ಕಿವಿಯ ಓಲೆ ಮಾರಿ ಅವನನ್ನು ಎಬ್ಬಿಸಿ ಕಳಿಸಿದಳು. ಆ ವರ್ಷ ತಾಯಿ ಮಗಳಿಗೆ, "ನಾನು ಆ ದಿನ ದಾರಿಯಿಂದ ಮತ್ತೆ ಪಟ್ಟಣಕ್ಕೆ ಹಿಂದಿರುಗಬಾರದಿತ್ತು" ಎಂದಳು.

ಏಳನೆಯ ವರ್ಷ ಒಬ್ಬ ಕುಂಬಾರ ಒಂದು ಪತ್ರ ತಂದು ಮಗಳ ಮುಂದಿಟ್ಟ. ಅವನ ಅಜ್ಜ ಮಡಕೆ ಸುಡುವ ತನ್ನ ಆವಿಗೆಯನ್ನೂ ಜಾಗವನ್ನೂ ಒಬ್ಬ ಧನಿಕನಿಗೆ ಮಾರಿದ್ದಾನೆಂದು ಅದರಲ್ಲಿತ್ತು. ನಾಲ್ಕು ಜನ ಪಂಡಿತರು ಪತ್ರ ಸರಿಯಾಗಿದೆ ಎಂದಿದ್ದರು. ಅವಳು ಅದನ್ನು ಇಡೀ ದಿನ ನೋಡಿದಳು. ಪತ್ರದ ತಾರೀಖು ಅಜ್ಜನ ಕಾಲದ್ದು, ಮಾತಿನ ಧಾಟಿ ಮಾತ್ರ ಮೊಮ್ಮಗನ ಕಾಲದ್ದು. ಅವಳು ಹಾಗೆಂದು ಬರೆದುಕೊಟ್ಟಳು. ನ್ಯಾಯಾಧೀಶರು ಕೇಳಿ ವಿಚಾರಿಸಿದರು. ಸುಳ್ಳು ಹೊರಬಿತ್ತು. ಕುಂಬಾರನ ಮನೆಯ ಹದಿಮೂರು ಜನ ಬೀದಿಗೆ ಬೀಳುವುದು ತಪ್ಪಿತು. ಅವನು ಅವಳಿಗೆ ಎರಡು ಮಡಕೆ ತಂದುಕೊಟ್ಟ. ಅವನ ಬಳಿ ಇದ್ದದ್ದು ಅಷ್ಟೇ. ಆ ವರ್ಷದ ಗಳಿಕೆಯಲ್ಲಿ ಆ ಮಡಕೆಗಳನ್ನು ಯಾರೂ ಸೇರಿಸಲಿಲ್ಲ.

ಸಾಲ ತೀರಲು ಹನ್ನೊಂದು ವರ್ಷ ಹಿಡಿಯಿತು. ತೀರಿದ ದಿನ ಮಗಳು ಸಾಲಪತ್ರವನ್ನು ಹರಿದು ಹಾಕಿ, ಊರಿಗೆ ಬಂದು ತಾಯಿಯ ಜೊತೆ ಕುಳಿತು ಉಂಡಳು. ಮರುದಿನ ಮತ್ತೆ ತನ್ನ ಚಾಪೆಗೆ ಹಿಂದಿರುಗಿದಳು.

ಆಗ ಆ ಊರಿನಲ್ಲಿ ಇನ್ನೂ ಒಬ್ಬರ ಮನೆಗೆ ವಿದ್ಯಾಶಾಲೆಯ ಗುಮಾಸ್ತ ಬಂದಿದ್ದ. ಆ ಮನೆಯ ಯಜಮಾನ ಹಗ್ಗದವಳ ಬಳಿ ಬಂದು ಕೇಳಿದ. "ಅಕ್ಕಾ, ನೀನು ಎಲ್ಲವನ್ನೂ ಕಂಡವಳು. ಲಾಭವೋ ನಷ್ಟವೋ ಒಂದು ಮಾತು ಹೇಳು."

ಹಗ್ಗದವಳು ಕೈಯ ಕೆಲಸ ಬಿಡದೆ ಹೇಳಿದಳು. "ನನ್ನ ಮಗಳನ್ನು ಕೇಳಬೇಡ. ಹನ್ನೊಂದು ವರ್ಷ ಕಟ್ಟಿದವಳ ಬಾಯಲ್ಲಿ ನಷ್ಟವೆಂಬ ಮಾತು ಬರುವುದಿಲ್ಲ. ನನ್ನನ್ನೂ ಕೇಳಬೇಡ. ಒಂದೊಂದು ದಿನ ಅವಳನ್ನು ನೋಡಿ ಹೆಮ್ಮೆ ಪಡುತ್ತೇನೆ, ಒಂದೊಂದು ದಿನ ಈ ಹಗ್ಗದ ತುದಿ ನೋಡಿ ಶಪಿಸುತ್ತೇನೆ. ನೀನು ಯಾವ ದಿನ ಬಂದು ಕೇಳಿದೆಯೋ ಆ ದಿನದ ಉತ್ತರ ನಿನಗೆ ಸಿಗುತ್ತದೆ. ಪಟ್ಟಣಕ್ಕೆ ಹೋಗು. ಹೇಳುವವರು ಯಾರು, ಹಾಗೆ ಹೇಳಿದರೆ ಅವರಿಗೇನು ಸಿಗುತ್ತದೆ, ಅದನ್ನು ನೋಡಿಕೊಂಡು ಕೇಳು."

ಗುರುಗಳು ಕತೆ ನಿಲ್ಲಿಸಿದರು.

ಮುದ್ದಯ್ಯ ಕಾಗದವನ್ನು ಮಡಚಿ ಬಿಚ್ಚಿ ಮಾಡುತ್ತಿದ್ದ. "ಗುರುಗಳೇ, ನನಗೆ ಪಟ್ಟಣ ಸುತ್ತಲು ಸಮಯವಿಲ್ಲ. ನಾಳೆಯೇ ಉತ್ತರ ಬರೆಯಬೇಕು. ಗುಮಾಸ್ತರನ್ನು ನಾನು ನಂಬುವುದಿಲ್ಲ, ಸಾಹುಕಾರರನ್ನೂ ನಂಬುವುದಿಲ್ಲ. ನಿಮ್ಮನ್ನು ನಂಬುತ್ತೇನೆ. ನೀವು ಹೇಳಿದ ಹಾಗೆ ಬರೆಯುತ್ತೇನೆ. ತಂಗಿ ಓದಲಿ ಎನ್ನುತ್ತೀರೋ, ಬೇಡ ಎನ್ನುತ್ತೀರೋ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನಾನು ಪಾಠ ಹೇಳಿ ಉಣ್ಣುವವನು, ಮುದ್ದಯ್ಯ."